ಕಪ್ಪುಕಲ್ಲಿನ ಏರು

ಲುಕ್ರೇಷಿಯಾ ಮೇಕೆಯ ಹಿಂಗಾಲನ್ನು ಮೊಣಕಾಲ ಸಂದಿಯಲ್ಲಿ ಅದುಮಿ ಹಿಡಿದು ಹಾಲು ಕರೆಯುತ್ತಿದ್ದಳು. ಮೈದುನ ಗಾಟ್‌ಫ್ರೀಡ್ ಬೇಲಿಗೆ ಒರಗಿ ಮತ್ತೆ ಅದೇ ರಾಗ ತೆಗೆದ.

"ಅತ್ತಿಗೆ, ಸ್ವಾಕೋಪ್‌ಮುಂಡ್ ಪಟ್ಟಣದ ಆ ಮನುಷ್ಯ ಗಾಡಿ ಕೊಳ್ತೀನಿ ಅಂತ ಕಾಗದ ಬರೆದು ಒಂದು ಚಳಿಗಾಲವೇ ಕಳೀತು. ಹೂಂ ಅಂತಲೋ ಉಹೂಂ ಅಂತಲೋ ಒಂದು ಬರೆದು ಬಿಸಾಕಬಾರ್ದಾ?"

"ನಿಮ್ಮಣ್ಣನ್ನ ಕೇಳು."

"ಅವನು ನಿಮ್ಮನ್ನ ಕೇಳು ಅಂತಾನೆ!"

ಅದೇನೂ ಸುಳ್ಳಲ್ಲ. ಅಂಗಳದ ಮುಳ್ಳುಮರದ ಕೆಳಗೆ ನಿಂತಿತ್ತಲ್ಲ, ಮೂತಿ ಮೊಂಡಾದ ಆ ಹಳೇ ಟ್ರಕ್ಕು, ಅದನ್ನು ಅವಳ ಗಂಡ ಎಲಿಫಾಸ್ ಮದುವೆಗೆ ಮೊದಲೇ ಕೊಂಡಿದ್ದ. ನಾಲ್ಕು ಚಕ್ರಕ್ಕೂ ಎಳೆತವಿದ್ದ ಗಾಡಿ. ಅವನ ತಾಯಿ ಹುಟ್ಟಿದ ಒರತೆಗೆ ವರ್ಷಕ್ಕೊಮ್ಮೆ ಹೋಗಿ ಬಯಲಲ್ಲಿ ಮಲಗಿ ಬರುವುದು ಆ ಮನೆಯ ಪದ್ಧತಿ. ಒರತೆಗೆ ಮೊದಲು ಸಿಗುವ ಕಪ್ಪುಕಲ್ಲಿನ ಏರನ್ನು ಹತ್ತುವ ಗಾಡಿ ಅವರ ಪಾಲಿಗೆ ಇದೊಂದೇ. ಆದರೆ ಹೋದ ವರ್ಷ ಲಕ್ವ ಹೊಡೆದು ಎಲಿಫಾಸನ ಎಡಗೈ ಬಿದ್ದುಹೋಯಿತು. ಬಲಗಡೆ ಕೂತು ಓಡಿಸುವವನಿಗೆ ಗೇರು ಹಾಕಲು ಬೇಕಾದದ್ದು ಆ ಕೈಯೇ. ಲುಕ್ರೇಷಿಯಾಗೆ ಸ್ಟೇರಿಂಗ್ ಹಿಡಿಯಲು ಬರುತ್ತಿತ್ತು, ಗೇರಿನ ಕೋಲು ಮಾತ್ರ ಅವಳ ಸವೆದ ತೋಳಿಗೆ ಬಗ್ಗುತ್ತಿರಲಿಲ್ಲ.

ಅವಳು ಹಾಲಿನ ಬಕೆಟ್ಟು ಎತ್ತಿಕೊಂಡು ಎದ್ದಳು.

"ಒರತೆಗೆ ಹೋಗೋಣ. ಏರು ಹತ್ತಿದ್ರೆ ಗಾಡಿ ನಮ್ಮದು. ಹತ್ತದೇ ಹೋದ್ರೆ ಹೂಂ ಅಂತ ನಾನೇ ಬರೆಸ್ತೀನಿ."

"ಓಡಿಸೋರು?"

"ನಾನು."

"ಗೇರು?"

"ನಿಮ್ಮಣ್ಣ. ಪಕ್ಕದಲ್ಲಿ ಕೂತ್ರೆ ಗೇರು ಅವನ ಬಲಗೈಗೇ ಸಿಗುತ್ತೆ. ಆ ಕೈಗೇನಾಗಿದೆ? ಮೂರು ಹೊತ್ತೂ ತಟ್ಟೆಗೆ ಸರಿಯಾಗೇ ಹೋಗುತ್ತಲ್ಲ."

ಮಾರನೆಯ ದಿನ ಬೆಳಗಿನ ತಂಪಿನಲ್ಲೇ ಹೊರಟರು. ಹಿಂದೆ ಗಾಟ್‌ಫ್ರೀಡ್, ಅವನ ಹೆಂಡತಿ ಬರ್ಟಲೀನ, ನೀರಿನ ಡ್ರಮ್ಮು, ಸೌದೆ, ಮೂರು ಕಾಲಿನ ಕಬ್ಬಿಣದ ಗಡಿಗೆ. ಒಣ ಹೊಳೆಯ ಮರಳಿಗೆ ಇಳಿಯುವ ಮೊದಲು, ಚಕ್ರ ಹೂತುಹೋಗದಂತೆ ಟೈರಿನ ಗಾಳಿ ಕೊಂಚ ಇಳಿಸಿದರು. ಅಲ್ಲಿಗೇ ಜಗಳ ಶುರುವಾಯಿತು. ಲುಕ್ರೇಷಿಯಾ "ಈಗ ಹಾಕು" ಅನ್ನುವಷ್ಟರಲ್ಲಿ ಗೇರು ಹಾಕುವ ಹೊತ್ತು ಮೀರಿ, ಅದರ ಹಲ್ಲುಗಳು ಕರಕರ ಕಿರುಚುತ್ತಿದ್ದವು.

"ಅಕ್ಕಾ, ಮುಂದ್ಗಡೆ ಮೇಕೆ ಕೊಯ್ತಿದ್ದೀರಾ?" ಬರ್ಟಲೀನ ಕೂಗಿದಳು.

ಎಲಿಫಾಸ್ ಬೆವರೊರೆಸಿಕೊಂಡ. "ನಿನ್ನ ಮಾತು ಉದ್ದ ಕಣೇ. ಕತ್ತೆಗಾಡಿ ಹೊಡೀವಾಗ ಮಾತಾಡ್ತಿದ್ಯಾ?"

"ಇಲ್ಲ. ನಾಲಿಗೆ ಟಕ್ ಅನ್ನಿಸ್ತಿದ್ದೆ."

"ನನಗೂ ಅದನ್ನೇ ಮಾಡು."

"ಕತ್ತೆ ಆಗೋಕೆ ತಯಾರಾ?"

"ಮದುವೆ ಆದಾಗಿಂದ ಇನ್ನೇನು ಆಗಿದ್ದೀನಿ?"

ಅವರಾಡುವ ಭಾಷೆಯ ತುಂಬ ನಾಲಿಗೆಯ ಟಕ್ಕುಗಳೇ, ಅಕ್ಷರಗಳ ಹಾಗೆ. ಆದರೆ ಕತ್ತೆಗೆ ಹಾಕುವ ಟಕ್ಕು ಬೇರೆ, ಕೆನ್ನೆಯ ಒಳಗಿಂದ ಬರುವಂಥದು. ಅವಳ ಕಾಲು ಕ್ಲಚ್ಚನ್ನು ಒತ್ತಿತು, ಟಕ್ ಎಂದಳು, ಅವನ ಕೈ ಹೋಯಿತು. ಗೇರು ಬೆಣ್ಣೆಯಲ್ಲಿ ಚಾಕು ಇಳಿದಂತೆ ಕೂತಿತು. ಮಧ್ಯಾಹ್ನದ ಹೊತ್ತಿಗೆ ಹೊಳೆಯ ಮರಳೆಲ್ಲ ಹಿಂದಾಯಿತು.

ಏರಿನ ಬುಡದಲ್ಲಿ ಗಾಡಿ ನಿಂತಿತು. ಭಾರ ಕಡಿಮೆಯಾಗಲೆಂದು ಹಿಂದಿದ್ದವರಿಬ್ಬರೂ ಕೆಳಗಿಳಿದರು. ಗೇರಿನ ಕೋಲಿನ ಪಕ್ಕದಲ್ಲಿ ಕಡಿದಾದ ಏರಿಗೆಂದೇ ಇದ್ದ ಇನ್ನೊಂದು ಗಿಡ್ಡ ಕೋಲು ವರ್ಷವಿಡೀ ಯಾರೂ ಮುಟ್ಟದೆ ಬಿಗಿದುಕೊಂಡಿತ್ತು. ಎಲಿಫಾಸ್ ಎರಡು ಸಲ ಎಳೆದ, ಬರಲಿಲ್ಲ.

"ಬಿಡು, ಒಂದನೇ ಗೇರಲ್ಲೇ ಹೋಗುತ್ತೆ" ಎಂದಳು ಲುಕ್ರೇಷಿಯಾ. ತಪ್ಪಿದ್ದು ಅಲ್ಲೇ. ಅರ್ಧ ಏರುವಷ್ಟರಲ್ಲಿ ಇಂಜಿನ್ನು ಏದುಸಿರು ಬಿಟ್ಟಿತು, ಚಕ್ರದಡಿಯ ಕಲ್ಲುಗಳು ಸಿಡಿದವು, ಗಾಡಿ ಹಿಂದಕ್ಕೆ ಜಾರತೊಡಗಿತು. ಅವಳು ಬ್ರೇಕಿನ ಮೇಲೆ ನಿಂತೇಬಿಟ್ಟಳು. ನಡೆದು ಬರುತ್ತಿದ್ದ ಗಾಟ್‌ಫ್ರೀಡ್ ಓಡಿ ಚಕ್ರದ ಹಿಂದೆ ದಪ್ಪ ಕಲ್ಲು ನೂಕಿದ.

"ಸಾಕು ಅತ್ತಿಗೆ, ಇಳೀರಿ! ಗಾಡಿ ಹೋದ್ರೆ ಹೋಗ್ಲಿ, ನೀವಿಬ್ರೂ ಉಳೀರಿ!"

ಅವನ ದನಿ ಅಳುವಿಗೆ ಹತ್ತಿರವಿತ್ತು. ಲುಕ್ರೇಷಿಯಾ ಕನ್ನಡಿಯಲ್ಲಿ ಕಲ್ಲನ್ನು ನೋಡಿ ಗಂಡನತ್ತ ತಿರುಗಿದಳು.

"ಕಲ್ಲಿಗೂ ಚಕ್ರಕ್ಕೂ ಬೆರಳಷ್ಟು ಜಾಗ ಇದೆ. ಬ್ರೇಕು ಬಿಡ್ತೀನಿ. ಗಾಡಿ ಅಲುಗಿದಾಗ ಒಳಗಿನ ಹಲ್ಲೂ ಅಲುಗುತ್ತೆ. ಆಗ ಗಿಡ್ಡ ಕೋಲು ಎಳಿ."

"ಕಲ್ಲು ನಿಲ್ಲದೇ ಹೋದ್ರೆ?"

"ಇಟ್ಟಿರೋನು ನಿನ್ನ ತಮ್ಮ. ಅವನ ಹಠದಷ್ಟೇ ಗಟ್ಟಿ ಇರುತ್ತೆ."

ಕ್ಲಚ್ಚು ಒತ್ತಿ ಬ್ರೇಕು ಬಿಟ್ಟಳು. ಗಾಡಿ ಜಾರಿ ಕಲ್ಲಿಗೆ ಒರಗಿತು. ಟಕ್! ಗಿಡ್ಡ ಕೋಲು ಕಟಕ್ಕೆಂದು ಕೂತಿತು. ಇಂಜಿನ್ನಿನ ದನಿಯೇ ಬದಲಾಯಿತು, ಗಂಟಲಿಂದ ಹೊಟ್ಟೆಗಿಳಿದಂತೆ. ಚಕ್ರ ಕಲ್ಲನ್ನು ಬಿಟ್ಟು ಮೇಲಕ್ಕೆ ಹೊರಳಿತು. ಗಬ್ಬದ ಹಸುವಿನ ಹಾಗೆ ನಿಧಾನವಾಗಿ, ಒಂದೊಂದೇ ಬಂಡೆ ಮೆಟ್ಟಿ, ಆ ಮುದಿ ಗಾಡಿ ನೆತ್ತಿಗೆ ಹತ್ತಿ ನಿಂತಿತು. ಕೆಳಗೆ ಬೆಳ್ಳನೆಯ ಬಯಲು, ನಡುವೆ ಒರತೆಯ ಹಸಿರು ಜೊಂಡು.

ಎಲಿಫಾಸ್ ಬಲಗೈಯಿಂದ ಹೆಂಡತಿಯ ಮಂಡಿಯನ್ನು ಎರಡು ಸಲ ತಟ್ಟಿದ. ಹಿಂದಿನಿಂದ ಬರ್ಟಲೀನಳ ಕೇಕೆ ಬಂಡೆಯಿಂದ ಬಂಡೆಗೆ ಹಾರುತ್ತ ಬಂತು. ಮತ್ತೂ ಹಿಂದೆ ಏದುತ್ತ ಬಂದ ಗಾಟ್‌ಫ್ರೀಡನ ಕೈಯಲ್ಲಿ ಇನ್ನೊಂದು ಕಲ್ಲಿತ್ತು.

"ಇದನ್ನೆಲ್ಲಿ ಇಡ್ಲಿ ಅತ್ತಿಗೆ?"

"ರಾತ್ರಿ ತಲೆ ಕೆಳಗೆ ಇಟ್ಕೊ. ದಿಂಬು ತರೋದು ಮರೆತೆ."

ಒರತೆಯಲ್ಲಿ ಎಲಿಫಾಸ್ ಮೊದಲು ಬೊಗಸೆ ನೀರು ನೆಲಕ್ಕೆ ಸುರಿದು, ಬಂದವರು ಯಾರೆಂದು ಸತ್ತವರಿಗೆ ತಿಳಿಸಿದ. "ಅವ್ವಾ, ನಾವು ಬಂದ್ವಿ. ಗಾಡೀನ ಇಬ್ಬರೂ ಓಡಿಸ್ಕೊಂಡು ಬಂದ್ವಿ." ಆಮೇಲೆ ಬೆಂಕಿ, ಸುಟ್ಟ ಮಾಂಸ, ಮೆಕ್ಕೆಜೋಳದ ಮುದ್ದೆ. ಬರ್ಟಲೀನಳ ಬಾಯಲ್ಲಿ ಆ ಏರು ಪ್ರತಿ ಸಲ ಹೇಳಿದಾಗಲೂ ಇನ್ನಷ್ಟು ಕಡಿದಾಗುತ್ತ ಹೋಯಿತು.

ವಾಪಸು ಬರುವಾಗ ಗಾಟ್‌ಫ್ರೀಡನೇ ದಾರಿಯ ಖೋರಿಕ್ಸಾಸ್ ಊರಿನ ಅಂಚೆ ಕಚೇರಿಯ ಮುಂದೆ ಗಾಡಿ ನಿಲ್ಲಿಸಲು ಹೇಳಿ, ಒಳಗೆ ಹೋಗಿ ಲಕೋಟೆ ತಂದ. ಎಲಿಫಾಸ್ ಬಿಸಿ ಬಾನೆಟ್ಟಿನ ಮೇಲೆ ಕಾಗದವಿಟ್ಟು ಬರೆದ. ಹಾರದಂತೆ ಲುಕ್ರೇಷಿಯಾ ಅಂಚು ಒತ್ತಿ ಹಿಡಿದಳು.

"ಸ್ವಾಮೀ, ಉತ್ತರ ತಡವಾಯಿತು, ಬೇಸರ ಬೇಡ. ಗಾಡಿ ಮಾರುವುದಿಲ್ಲ. ಅದಕ್ಕೆ ಕೆಲಸವಿದೆ."

ಗಾಟ್‌ಫ್ರೀಡ್ ಓದಿ, ಮಡಿಸಿ, ಅಂಟನ್ನು ತಾನೇ ನೆಕ್ಕಿ ಮುಚ್ಚಿದ. ಕೆಂಪು ಡಬ್ಬಿಯ ಬಾಯಿಗೆ ಕಾಗದ ತುರುಕಿ, ಅದು ತಳಕ್ಕೆ ಬಿದ್ದ ಸದ್ದು ಕೇಳುವವರೆಗೂ ಅಲ್ಲೇ ನಿಂತ.