ಅಪ್ಪಣೆ ಕೇಳಿದವನು

ಅಕ್ಟೋಬರಿನ ಮಂಜು ಕುಂಬಳದ ಬಳ್ಳಿಯ ಮೇಲಿಂದ ಇನ್ನೂ ಎದ್ದಿರಲಿಲ್ಲ. ಸಟನ್ನಿನ ಅಲಾಟ್‌ಮೆಂಟಿನಲ್ಲಿ, ಕೌನ್ಸಿಲ್ ಬಾಡಿಗೆಗೆ ಕೊಟ್ಟ ತುಂಡು ನೆಲದಲ್ಲಿ, ಜಗದೇವಪ್ಪ ಬೀನ್ಸಿನ ಒಣಬಳ್ಳಿ ಕಿತ್ತು ಮೂಲೆಗೆ ಒಟ್ಟುತ್ತಿದ್ದ. ಹೆಂಡತಿ ರತ್ನವ್ವ ಶೆಡ್ಡಿನ ಮುಂದೆ ಚಾಪೆ ಹಾಸಿ ಬುಟ್ಟಿ ಬಿಚ್ಚಿದ್ದಳು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಕಡುಬು. ಸೀಗಿ ಹುಣ್ಣಿಮೆ ವಾರದ ನಡುವೆ ಬಿದ್ದರೂ ಲಂಡನ್ನಿನಲ್ಲಿ ಅದು ಶನಿವಾರಕ್ಕೇ ಬರುತ್ತದೆ. ಊರಿನಲ್ಲಾದರೆ ತೆನೆಗಟ್ಟಿದ ಹೊಲವನ್ನು ಬಸುರಿಯೆಂದು ಉಪಚರಿಸುವ ದಿನ. ಮಾಡಿದ ಅಡಿಗೆಯನ್ನೆಲ್ಲ ಕಲಸಿ ಹೊಲದ ತುಂಬ ಚರಗ ಚೆಲ್ಲಿ, ಭೂಮಿತಾಯಿ ಉಂಡ ಮೇಲೆ ಮನುಷ್ಯರು ಉಣ್ಣುವ ದಿನ. ಇಲ್ಲಿ ತೆನೆಯಿಲ್ಲ, ಕುಂಬಳಕಾಯಿಯಿದೆ. ಅಷ್ಟಾದರೂ ಇದೆಯಲ್ಲ ಎಂದು ರತ್ನವ್ವ ಒಂದು ವರ್ಷವೂ ತಪ್ಪಿಸಿದವಳಲ್ಲ.

“ಪುವಕ್ಕ ಇನ್ನೂ ಬರಲಿಲ್ಲಲ್ರೀ,” ಎಂದಳು.

ಜಗದೇವಪ್ಪ ಕೇಳಿಸದವನಂತೆ ಬಳ್ಳಿ ಎಳೆದ.

ಪುವಾನಾನಿ ಪಕ್ಕದ ತುಂಡಿನವಳು. ಹವಾಯಿಯಿಂದ ಬಂದು, ಇಲ್ಲಿಯವನನ್ನು ಮದುವೆಯಾಗಿ, ಆಸ್ಪತ್ರೆಯಲ್ಲಿ ನರ್ಸಾಗಿದ್ದಳು. ಅವಳ ಹೆಸರನ್ನು ಅರ್ಧಕ್ಕೆ ಮುರಿದು ಅಕ್ಕನನ್ನು ಕೂಡಿಸಿದವಳು ರತ್ನವ್ವ. ಹೋದ ವರ್ಷ ಚರಗ ಚೆಲ್ಲುವುದನ್ನು ಕಂಡು ಪುವಾನಾನಿ ಬೂಟು ಕಳಚಿ ಸುಮ್ಮನೆ ನಿಂತಿದ್ದಳು. ರತ್ನವ್ವ ಅಂದು ಅವಳಿಗೆ ಸ್ಟೀಲ್ ಡಬ್ಬಿಯಲ್ಲಿ ಕಡುಬು ಕಟ್ಟಿಕೊಟ್ಟು, ಡಬ್ಬಿಯನ್ನು ಬರಿದಾಗಿ ಹಿಂತಿರುಗಿಸಬಾರದೆಂಬ ರೀತಿಯನ್ನೂ ಹೇಳಿಕೊಟ್ಟಳು. ಆವತ್ತಿನಿಂದ ಆ ಡಬ್ಬಿಗೆ ಬಿಡುವಿರಲಿಲ್ಲ. ಹೋಗುವಾಗ ಶೇಂಗಾ ಚಟ್ನಿ, ಬರುವಾಗ ಅವಳು ಪ್ಲಾಸ್ಟಿಕ್ ಹೊದಿಕೆಯಡಿ ಜೋಪಾನ ಮಾಡಿದ ಕೆಸುವಿನ ಎಲೆ.

ಜಗದೇವಪ್ಪ ದುಡಿಯುವುದು ಗಾಳಿಯಿಂದ ಕರೆಂಟು ತೆಗೆಯುವ ಕಂಪನಿಯಲ್ಲಿ. ಆ ಕಂಪನಿ ಹವಾಯಿಯ ಒಂದು ದ್ವೀಪದ ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಬೇಕೆಂದು ಹೊರಟಿತ್ತು. ಪುವಾನಾನಿಯ ತವರು ಆ ಗುಡ್ಡದ ಬುಡದಲ್ಲೇ. ಹಿರಿಯರ ಎಲುಬುಗಳಿರುವ ಜಾಗವದು, ಹತ್ತುವವರು ಕೆಳಗೆ ನಿಂತು ಹಾಡಿ ಅಪ್ಪಣೆ ಕೇಳುತ್ತಾರೆ, ಮೇಲಿಂದ ಮರುಹಾಡು ಬರುವ ತನಕ ಕಾಲೆತ್ತುವುದಿಲ್ಲ ಎಂದು ಅವಳು ಊಟಕ್ಕೆ ಕುಳಿತಾಗ ಹೇಳಿದ್ದಳು. ನೀವು ಅಲ್ಲಿಗೆ ಹೋಗುವವರು, ತಿಳಿದಿರಲಿ ಎಂದು ಜಗದೇವಪ್ಪನಿಗೆ ಆ ಹಾಡಿನ ಎರಡು ಸಾಲು ಕಲಿಸಿಯೂ ಕೊಟ್ಟಿದ್ದಳು.

ಕಳೆದ ತಿಂಗಳು ಆ ಊರಿನವರ ಜೊತೆ ಪರದೆಯ ಮೇಲೆ ಸಭೆ ನಡೆಯಿತು. ಡೀಸೆಲ್ ಸುಟ್ಟು ಬರುವ ಕರೆಂಟಿನ ಬಿಲ್ಲು ಕಟ್ಟಿ ಸಾಕಾಯಿತು, ಗಾಳಿಯಾದರೂ ನಮ್ಮದೇ ಎಂದು ಒಬ್ಬ ಎದ್ದು ಹೇಳಿದ. ಗಾಳಿ ನಮ್ಮದು, ಗುಡ್ಡ ಅವರಿಗೆ ಎಂದು ಹಿಂದಿನಿಂದ ಯಾರೋ ಚುಚ್ಚಿದರು, ನಗು ಎದ್ದಿತು. ಜಗದೇವಪ್ಪನ ಸರದಿ ಬಂದಾಗ ಅವನು, ರೈಲಿನಲ್ಲಿ ತುಟಿಯಾಡಿಸಿ ಪಾಠ ಮಾಡಿಕೊಂಡಿದ್ದ ಆ ಎರಡು ಸಾಲು ಹಾಡಿದ. ಸಭೆ ಸ್ತಬ್ಧವಾಯಿತು. ತನಗೆ ಸಂದ ಮನ್ನಣೆಯೆಂದೇ ತಿಳಿದು ಅವನು ಮುಂದಿನ ಚಿತ್ರ ತೆರೆದ: ಗುಡ್ಡ ಕಡಿದು ರಸ್ತೆ ಹೋಗುವ ಜಾಗ.

ಮುಂದೆ ಕುಳಿತಿದ್ದ ಮುದುಕಿ ದನಿಯೇರಿಸದೆ ಕೇಳಿದಳು: “ಅಪ್ಪಣೆ ಕೇಳಿದಿರಿ. ಉತ್ತರಕ್ಕೆ ನಿಲ್ಲಲಿಲ್ಲವಲ್ಲ. ಈ ಸಾಲು ನಿಮಗೆ ಯಾರು ಕೊಟ್ಟರು?”

ಅವನು ಪುವಾನಾನಿಯ ಹೆಸರು ಹೇಳಿದ. ಹೆಮ್ಮೆಯಿಂದಲೇ ಹೇಳಿದ. ಮುದುಕಿ ಅವಳ ಚಿಕ್ಕಮ್ಮನೆಂಬುದು ಅವನಿಗೆ ತಿಳಿದದ್ದು ಆಮೇಲೆ. ಸಭೆ ಮುಗಿದ ಮೇಲೆ ಮೇಲಧಿಕಾರಿ, ಹಾಡಿನಿಂದ ಶುರುಮಾಡಿದ್ದು ಭೇಷಾಯಿತು ಎಂದು ಬೆನ್ನು ತಟ್ಟಿದ್ದ. ತಟ್ಟಿದ ಜಾಗ ಇನ್ನೂ ಉರಿಯುತ್ತಿತ್ತು.

ಗೇಟು ಸದ್ದಾಯಿತು. ಪುವಾನಾನಿ ಬಂದವಳು ಇತ್ತ ನೋಡದೆ ತನ್ನ ತುಂಡಿಗೆ ನಡೆದು, ಬಾಡಿದ ಎಲೆ ಕೊಯ್ಯತೊಡಗಿದಳು. ಎರಡು ತುಂಡುಗಳ ನಡುವೆ ಮೊಣಕಾಲೆತ್ತರವೂ ಇಲ್ಲದ ಕಲ್ಲಿನ ಸಾಲು. ಜಗದೇವಪ್ಪ ವರ್ಷವಿಡೀ ಅದನ್ನು ದಾಟಿ ಓಡಾಡಿದವನು, ಇಂದು ಅದರ ಈಚೆಗೇ ನಿಂತು, ಬರಬಹುದೇ ಎಂದು ಕೇಳಿದ. ಅವಳು ಕೊಯ್ಯುತ್ತಲೇ ಇದ್ದಳು. ಅವನು ಕಾದ. ಕೈಗೆ ಹತ್ತಿದ ಮಣ್ಣು ಒಣಗಿ ಬಿರುಕು ಬಿಡುವಷ್ಟು ಹೊತ್ತು ಕಾದ.

“ಚಿಕ್ಕಮ್ಮ ನನ್ನ ಫೋನ್ ಎತ್ತುತ್ತಿಲ್ಲ,” ಎಂದಳು ಅವಳು ಕೊನೆಗೆ.

ತಪ್ಪಾಯಿತೆಂದ. ಚಿಕ್ಕಮ್ಮನಿಗೆ ತಾನೇ ಹೇಳುವೆನೆಂದ. ಗೌರವ ತೋರಿಸಬೇಕೆಂದೇ ಹಾಡಿದ್ದು ಎಂದ.

“ಅವರು ಬೇಡ ಅಂದಿದ್ದರೆ ತಿರುಗಿ ಹೋಗುತ್ತಿದ್ದಿರಾ?”

ಆ ಮಾತು ಜಗದೇವಪ್ಪನ ತಲೆಗೆ ಈವರೆಗೆ ಹೊಳೆದೇ ಇರಲಿಲ್ಲ. ಪುವಾನಾನಿ ತನ್ನ ಶೆಡ್ಡಿನಿಂದ ಸ್ಟೀಲ್ ಡಬ್ಬಿ ತಂದು ಕಲ್ಲಿನ ಮೇಲಿಂದ ಚಾಚಿದಳು. ರತ್ನವ್ವ ಊಟಕ್ಕೆ ಕೂಗಿ ಕರೆದಳು. ಡ್ಯೂಟಿಯಿದೆಯೆಂದು ಪುವಾನಾನಿ ದೂರದಿಂದಲೇ ಕೈ ಮುಗಿದಳು.

ಅವನು ತಂದುಕೊಟ್ಟ ಡಬ್ಬಿಯ ಮುಚ್ಚಳವನ್ನು ರತ್ನವ್ವ ತೆಗೆದಳು. ತೊಳೆದು ಒರೆಸಿದ ಡಬ್ಬಿ, ಒಳಗೆ ಏನೂ ಇರಲಿಲ್ಲ.

“ಏನ್ ಮಾಡಿ ಬಂದ್ರಿ?”

ಅವನು ಕುಕ್ಕರುಗಾಲಿನಲ್ಲಿ ಕೂತು, ತಲೆಯೆತ್ತದೆ ಎಲ್ಲ ಹೇಳಿದ. ರತ್ನವ್ವ ಬರಿ ಡಬ್ಬಿಗೆ ಮುಚ್ಚಳ ಹಾಕಿದಳು.

“ಮಣ್ಣು ಉಣ್ಣೂತನಕಾ ಹಸಕೊಂಡು ಕೂಡೂ ಮಂದಿ ನಾವು,” ಎಂದಳು. “ಆ ಹಿರಿಯಾಕಿ ಮುಂದ ಒಂದ್ ಗಳಿಗಿ ನಿಲ್ಲಾಕ ಆಗಲಿಲ್ಲ ನಿಮಗ.”

ಚರಗವನ್ನು ಅವಳೇ ಚೆಲ್ಲಿದಳು. ಆಮೇಲೆ ಡಬ್ಬಿಗೆ ಕಡುಬು ತುಂಬಿ, ಕೊಟ್ಟು ಬರ್ರಿ ಎಂದಳು.

ಅವನು ಕಲ್ಲಿನ ಸಾಲಿಗೆ ಬರುವಷ್ಟರಲ್ಲಿ ಪುವಾನಾನಿ ಹೋಗಿದ್ದಳು. ದಾಟಿ, ಅವಳ ಶೆಡ್ಡಿನ ಬಾಗಿಲಲ್ಲಿ ಇಟ್ಟು ಬರಬಹುದಿತ್ತು. ಒಂದು ಕಾಲು ಎತ್ತಿಯೂ ಎತ್ತಿದ. ಎತ್ತಿದ ಕಾಲನ್ನು ಎತ್ತಿದಲ್ಲಿಗೇ ಇಳಿಸಿದ.

ಬೆಳಕು ಇಳಿಯುವ ತನಕ ಅಲ್ಲೇ ಕಾದು, ಡಬ್ಬಿಯನ್ನು ತುಂಬಿದ್ದು ತುಂಬಿದಂತೆ ಮನೆಗೆ ಹೊತ್ತು ತಂದ.