ಓರೆ ಸಾಲು

ಗುಂಡಿಯ ಮೂಲೆಯನ್ನು ಸಲಿಕೆಯಿಂದ ನೇರಗೊಳಿಸುತ್ತಿದ್ದ ಬೆಲ್ಕಾಸೆಮ್, ಚರ್ಚಿನ ಗಂಟೆ ಕೇಳಿದೊಡನೆ ಮೇಲೆ ಹತ್ತಿ ಬಂದು ಇನ್ನೊಮ್ಮೆ ಅಳೆದ. ಎರಡು ಮೀಟರ್ ಉದ್ದ, ಎಂಬತ್ತು ಸೆಂಟಿಮೀಟರ್ ಅಗಲ. ಬೆರಳಷ್ಟು ಹೆಚ್ಚುಕಡಿಮೆಯಾದರೂ ಆನ್ಸೆಲ್ಮ್ ವೇಸಿಯೇರ್ ಒಪ್ಪುತ್ತಿರಲಿಲ್ಲ. ಇಪ್ಪತ್ತಾರು ವರ್ಷ ಪುರಸಭೆಯಲ್ಲಿ ಸ್ಮಶಾನದ ಉಸ್ತುವಾರಿ ನೋಡಿಕೊಂಡಿದ್ದ ಸದಸ್ಯರು ಅವರು. ಇಂದು ಗುಂಡಿ ಅವರಿಗೇ.

ನಾಳೆ ಭಾನುವಾರ, ಪುರಸಭೆಗೆ ಎರಡನೆಯ ಸುತ್ತಿನ ಮತದಾನ; ಮತ ಒಬ್ಬೊಬ್ಬ ಅಭ್ಯರ್ಥಿಗಲ್ಲ, ಇಡೀ ಪಟ್ಟಿಗೆ. ಮನೆಮನೆಗೆ ಅಂಚೆಯಲ್ಲಿ ಬಂದ ಮತಪತ್ರಗಳ ಪೈಕಿ ಒಂದು ಪಟ್ಟಿಯಲ್ಲಿ ಮೊದಲ ಹೆಸರು ಉಗ್ರ ಬಲಪಂಥದ ಲಕಾಜ್‌ನದು, ಮೂರನೆಯದು ವೇಸಿಯೇರ್ ಅವರದು. ಪಟ್ಟಿ ಸಲ್ಲಿಸಿಯಾದ ಮೇಲೆ ಸತ್ತವರ ಹೆಸರನ್ನೂ ತೆಗೆಯುವಂತಿಲ್ಲ.

*

ಮಂಗಳವಾರ ಸಂಜೆ ವೇಸಿಯೇರ್ ಸ್ಮಶಾನದ ಹಿಂದಿನ ಮೂಲೆಗೆ ಬಂದಿದ್ದರು. ಊರಿನ ಮುಸಲ್ಮಾನರಿಗೆಂದು ಅಲ್ಲಿ ಗೂಟ ನೆಟ್ಟು, ನೈಲಾನ್ ದಾರ ಕಟ್ಟಿ, ಹನ್ನೆರಡು ಜಾಗಗಳನ್ನು ಗುರುತಿಸಿದ್ದವರು ಅವರೇ. ದಿಕ್ಸೂಚಿ ಇಟ್ಟು ಮೆಕ್ಕಾದ ದಿಕ್ಕು ಹಿಡಿದಿದ್ದರಿಂದ ಆ ಸಾಲು ಉಳಿದ ಗೋರಿಗಳಿಗೆ ಓರೆಯಾಗಿತ್ತು. ಮೊದಲನೆಯ ಜಾಗ ಬೆಲ್ಕಾಸೆಮ್‌ನ ತಾಯಿಗೆ. ಹಾಸಿಗೆ ಹಿಡಿದಿದ್ದ ಆ ಮುದುಕಿಯದು ಒಂದೇ ಮಾತು: ನಿಮ್ಮಪ್ಪನ ಹಾಗೆ ನನ್ನನ್ನೂ ಪೆಟ್ಟಿಗೆಯಲ್ಲಿಟ್ಟು ವಿಮಾನದಲ್ಲಿ ಅಲ್ಜೀರಿಯಾಕ್ಕೆ ಕಳಿಸಬೇಡ.

“ಲಕಾಜ್ ಜೊತೆ ಸೇರ್ಕೊಂಡ್ವಿ ಕಣಯ್ಯ,” ಎಂದರು ವೇಸಿಯೇರ್. “ಮೊದಲ ಸುತ್ತಲ್ಲಿ ನಮ್ಮ ಪಕ್ಷಕ್ಕೆ ಬಂದಿದ್ದು ಹದಿನೇಳೇ ಪರ್ಸೆಂಟು. ಒಂಟಿಯಾಗಿ ನಿಂತ್ರೆ ಎಡದವ್ರು ಗೆಲ್ತಾರೆ ಅಂದ್ರು ಎಲ್ರೂ. ನಾನೂ ಸಹಿ ಹಾಕ್ದೆ.”

“ನಮ್ಮನ್ನ ಊರು ಬಿಡಿಸ್ತೀನಿ ಅಂತ ಭಾಷಣ ಮಾಡೋನ ಜೊತೆನಾ, ಸಾರ್?”

“ಈ ಹನ್ನೆರಡು ಜಾಗ ಮುಟ್ಟಲ್ಲ ಅಂತ ಮಾತು ತಗೊಂಡೇ ಹಾಕಿದ್ದು.”

“ಬರೆದು ಕೊಟ್ಟಿದಾನಾ?”

“ಕೈ ಕುಲುಕಿದಾನೆ.”

ಬೆಲ್ಕಾಸೆಮ್ ಸಲಿಕೆಯ ಮಣ್ಣು ಕೊಡವಿದ. “ಅಂದ್ರೆ ಸತ್ಮೇಲೆ ನಾವಿಲ್ಲಿ ಇರಬಹುದು. ಅಲ್ಲೀವರೆಗೆ ಎಲ್ಲಿರೋದು?”

ವೇಸಿಯೇರ್ ಬಗ್ಗಿ, ಗೂಟದಿಂದ ಗೂಟಕ್ಕೆ ಹೋಗುತ್ತ, ಸಡಿಲವಾಗಿದ್ದ ಗಂಟುಗಳನ್ನೆಲ್ಲ ಬಿಗಿದು ಹೊರಟುಹೋದರು. ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಎದೆ ಹಿಡಿದುಕೊಂಡು ಬಿದ್ದರು.

*

ಶವಪೆಟ್ಟಿಗೆ ಗುಂಡಿಗೆ ಇಳಿಯಿತು. ವೇಸಿಯೇರ್ ಅವರ ಪಕ್ಷದ ಇಬ್ಬರು ಮುದುಕರು ಬೆಲ್ಕಾಸೆಮ್‌ನ ಮುಂದೆಯೇ ಪಿಸುಗುಟ್ಟುತ್ತಿದ್ದರು.

“ಲಕಾಜ್ ತಂದಿರೋ ಹೂವಿನ ಚಕ್ರ ನೋಡು. ನಮ್ಮದರ ಎರಡರಷ್ಟಿದೆ.”

“ಸುಮ್ನಿರು ಮಾರಾಯ. ನಾಳೆ ಕಳೆದ್ರೆ ಅವ್ನೇ ಮೇಯರು.”

ಸಂತಾಪ ಹೇಳಲು ಬಂದ ಲಕಾಜ್‌ನ ಕೈಯನ್ನು ವೇಸಿಯೇರ್ ಅವರ ಹೆಂಡತಿ ಒದೀಲ್ ಬಿಡಲಿಲ್ಲ. “ಇವ್ರು ನಿಮ್ಮನ್ನ ಕೇಳಿದ್ದು ಆ ಮೂಲೆ ಒಂದೇ. ನೆನಪಿದೆ ಅಲ್ವಾ?”

“ಯಾವ ಮೂಲೆ ಮೇಡಂ?” ಲಕಾಜ್ ನಿಜವಾಗಿಯೂ ನೆನಪಿಸಿಕೊಳ್ಳಲು ಯತ್ನಿಸಿದ. “ಓ, ಅದಾ. ಚುನಾವಣೆ ಮುಗೀಲಿ, ನೋಡೋಣ.”

“ಅವ್ರಿಗೆ ಮಾತು ಕೊಟ್ಟಿದ್ರಿ.”

“ಪಾಪ, ಅವ್ರೇ ಇಲ್ವಲ್ಲ ಈಗ.”

ಒದೀಲ್ ಬೆಲ್ಕಾಸೆಮ್‌ನ ಕಡೆ ತಿರುಗಿದರು. ಅವನು ಮಣ್ಣೆಳೆಯತೊಡಗಿದ್ದ.

ಹೊರಗೆ ಜಾಗ ಸಾಲದೆ ಕೆಲವು ಕಾರುಗಳನ್ನು ಹಿಂದಿನ ಗೇಟಿನಿಂದ ಒಳಗೆ ಬಿಟ್ಟಿದ್ದರು. ಲಕಾಜ್‌ನ ಕಾರು ಓರೆ ದಾರಗಳ ಮೇಲೆ, ಉಳಿದ ಗೋರಿಗಳಿಗೆ ಸರಿಯಾಗಿ, ನೇರ ನಿಂತಿತ್ತು. ಅದು ಹೊರಟಾಗ ದಾರ ಗಾಲಿಗೆ ಸುತ್ತಿಕೊಂಡಿತು. ಬೆಲ್ಕಾಸೆಮ್ ಸಲಿಕೆ ಎತ್ತಿ ಕೂಗಿದ; ಕಾರಿನ ಗಾಜು ಏರಿಸಿದ್ದರು. ತಾಯಿಯ ಜಾಗದ ಗೂಟ ಮೊದಲು ಕಿತ್ತುಬಂತು; ಅದರ ಹಿಂದೆ ಒಂದೊಂದಾಗಿ ಉಳಿದವೆಲ್ಲ ಜಲ್ಲಿಯ ಮೇಲೆ ಕುಪ್ಪಳಿಸುತ್ತ ಗೇಟಿನತ್ತ ಹೋದವು. ವೇಸಿಯೇರ್ ಬಿಗಿದ ಗಂಟುಗಳಲ್ಲಿ ಒಂದೂ ಬಿಚ್ಚಿಕೊಳ್ಳಲಿಲ್ಲ.