ಹಿಂದಿನ ಅಂಚಿನ ಮೂರು ಮಿಲಿಮೀಟರ್

ಸೊಸೆ ಸುಳ್ಳು ಹೇಳುತ್ತಾಳೆಂದು ಮಾವ ಬರೆದಿಟ್ಟಿದ್ದರು. ಅದೂ ವಿಮಾನದ ದಾಖಲೆ ಪುಸ್ತಕದಲ್ಲಿ, ನೀಲಿ ಶಾಯಿಯಲ್ಲಿ, ಕೆಳಗೆ ಸಹಿ ಹಾಕಿ.

ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಆರು ವರ್ಷಗಳಿಂದ ರೂಪುಗೊಳ್ಳುತ್ತಿದ್ದ ಎರಡು ಸೀಟಿನ ವಿಮಾನ ಅದು. ಬಿಡಿಭಾಗಗಳು ಪೆಟ್ಟಿಗೆಗಳಲ್ಲಿ ಬಂದಿದ್ದವು, ಜೋಡಿಸುವುದು ಮನೆಯವರ ಪಾಡು. ಮೊದಲು ಕೈ ಹಾಕಿದ್ದು ಅಪ್ಪ ಮತ್ತು ಮಗ. ರೆಕ್ಕೆ ಮುಗಿಯುವಷ್ಟರಲ್ಲಿ ಮಗನಿಗೆ ಸಾಕಾಗಿ ಹೋಯಿತು. ಅವನು ಹಡಗಿನ ಕೆಲಸ ಹಿಡಿದು ಆರಾರು ತಿಂಗಳು ನೀರಿನ ಮೇಲೆಯೇ ಇರತೊಡಗಿದ. ಅವನು ಕೆಳಗಿಟ್ಟ ಡ್ರಿಲ್ಲನ್ನು ಅವನ ಹೆಂಡತಿ ಎತ್ತಿಕೊಂಡಳು. ಬಾಯಿಬಿಟ್ಟು ಯಾರನ್ನೂ ಕೇಳಲಿಲ್ಲ. ಅಷ್ಟು ಬಾಯಿ ಅವಳಿಗಿರಲಿಲ್ಲ. ಸುಮ್ಮನೆ ಹೋಗಿ ಬಾಲದ ತಗಡಿಗೆ ರಿವೆಟ್ ಹೊಡೆಯಲು ಕೂತಳು. ಮೂವತ್ತೈದು ವರ್ಷ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದ ಮಾವ ಆ ಮೊದಲ ಇನ್ನೂರು ರಿವೆಟ್‌ಗಳನ್ನು ಒಂದೊಂದಾಗಿ ಕೊರೆದು ಕಿತ್ತು, ಡಬ್ಬಿಗೆ ತುಂಬಿ, ಊಟದ ಹೊತ್ತಿಗೆ ಅವಳ ತಟ್ಟೆಯ ಪಕ್ಕ ತಂದಿಟ್ಟಿದ್ದರು. ಅವಳು ಡಬ್ಬಿ ಸರಿಸಿ ಊಟ ಮಾಡಿದಳು. ಮರುದಿನ ಮತ್ತೆ ಹೊಡೆದಳು.

ಈಗ ಉಳಿದದ್ದು ಕ್ಯಾನಪಿ, ಅಂದರೆ ಪೈಲಟ್‌ನ ತಲೆಯ ಮೇಲೆ ಬಾಗಿಲಿನಂತೆ ತೆರೆದು ಮುಚ್ಚುವ ಪಾರದರ್ಶಕ ಗುಮ್ಮಟ. ಮನೆಯಲ್ಲಿ ಎಲ್ಲರೂ ಅದನ್ನು ಗಾಜು ಎನ್ನುತ್ತಿದ್ದರೂ ಅದು ಅಕ್ರಿಲಿಕ್. ಮುಂದಿನ ಅಂಚು ಕೀಲಿಗೆ ಸೇರಿತ್ತು, ಹಿಂದಿನ ಅಂಚು ಅದರೊಂದಿಗೇ ತೆರೆಯುವ ಲೋಹದ ಚೌಕಟ್ಟಿಗೆ ಅಂಟಿದಂತೆ ಕೂರಬೇಕಿತ್ತು. ಕೂರುತ್ತಿರಲಿಲ್ಲ. ನಡುವೆ ಸಂದು.

ಎಷ್ಟು ಸಂದು ಎಂಬಲ್ಲಿ ಜಗಳ.

ಮಾವ ಶೆಡ್ಡಿಗೆ ಬರುವುದು ಬೆಳಗಿನ ಜಾವ ಐದೂವರೆಗೆ, ಹೊರಡುವುದು ಒಂಬತ್ತಕ್ಕೆ. ಸೊಸೆ ಬರುವುದು ಗ್ರಂಥಾಲಯದ ಕೆಲಸ ಮುಗಿದ ಮೇಲೆ, ಮಧ್ಯಾಹ್ನ ಎರಡಕ್ಕೆ. ಎರಡು ತಿಂಗಳಿಂದ ಇಬ್ಬರಿಗೂ ಮಾತಿಲ್ಲ, ಇದ್ದಷ್ಟು ಮಾತು ದಾಖಲೆ ಪುಸ್ತಕದಲ್ಲೇ. ಅವರು ಬರೆಯುತ್ತಿದ್ದರು: ಸಂದು ಮೂರು ಮಿಲಿಮೀಟರ್. ಅವಳು ಬರೆಯುತ್ತಿದ್ದಳು: ಅರ್ಧ ಮಿಲಿಮೀಟರ್. ಮರುದಿನ ಅವರದು ಮತ್ತೆ ಮೂರು, ಅವಳದು ಮತ್ತೆ ಅರ್ಧ. ಒಂದೆರಡು ದಿನ ಬಿಟ್ಟರೆ ಹೀಗೇ ಮೂರು ವಾರ. ಕೊನೆಗೆ ಮಾವ ಬರೆದದ್ದು: "ಮಧ್ಯಾಹ್ನದ ಅಳತೆಗಳು ಸುಳ್ಳು. ಕೀಲು ಸಡಿಲಿಸಿ, ಗಾಜು ಹಿಂದಕ್ಕೆ ತಳ್ಳಿ ಬರೆದದ್ದು."

ಆ ರಾತ್ರಿ ಊಟಕ್ಕೆ ಕೂತಾಗ ಮಾವ ಗೋಡೆಗೆ ಹೇಳಿದಂತೆ ಹೇಳಿದರು. "ಭಾನುವಾರ ವಿಮಾನ ತಪಾಸಣೆಗೆ ಇನ್ಸ್‌ಪೆಕ್ಟರ್ ಬರ್ತಾರೆ. ಕಟ್ಟಿದವರ ಪಟ್ಟಿಯಲ್ಲಿ ಒಂದೇ ಹೆಸರು ಇರತ್ತೆ. ಸುಳ್ಳು ಬರೆಯೋರ ಹೆಸರು ಅಲ್ಲಿ ಬೇಡ."

"ಕೀಲು ನಾನು ಮುಟ್ಟಿಲ್ಲ," ಎಂದಳು ಸೊಸೆ, ತಟ್ಟೆ ನೋಡುತ್ತ.

"ಏನಂದೆ? ಕೇಳಿಸ್ಲಿಲ್ಲ."

"ಮುಟ್ಟಿಲ್ಲ ಅಂದೆ."

"ಹಾಗಾದ್ರೆ ಗಾಜಿಗೇ ಕಾಲು ಬಂದಿರಬೇಕು. ನಾಳೆ ಬೆಳಿಗ್ಗೆ ಕ್ಲಾಂಪ್ ಹಾಕಿ ಎಳೆದು, ತೂತು ಕೊರೆದು, ಸ್ಕ್ರೂ ಬಿಗೀತೀನಿ. ಆಮೇಲೆ ಎಲ್ಲಿಗೆ ನಡ್ಕೊಂಡು ಹೋಗತ್ತೋ ನೋಡೋಣ."

"ರೀ, ಅನ್ನ ತಣ್ಣಗಾಗ್ತಿದೆ," ಎಂದರು ಅತ್ತೆ. "ಇಬ್ಬರೂ ಹಾರೋಕೆ ಮುಂಚೆ ಒಂದು ತುತ್ತು ತಿನ್ನಿ. ನನಗಂತೂ ಆ ಗಾಜನ್ನ ಉಪ್ಪಿನಕಾಯಿ ಜಾಡಿಗೆ ಮುಚ್ಚಳ ಮಾಡಿದ್ರೂ ಆಗ್ತಿತ್ತು."

ಸೊಸೆ ಎರಡು ತುತ್ತು ತಿಂದು ಎದ್ದಳು.

ಶೆಡ್ಡಿನಿಂದ ದಾಖಲೆ ಪುಸ್ತಕ ತಂದು, ಕೋಣೆಯಲ್ಲಿ ಕೂತು ತೆರೆದಳು. ಅಳುವುದಕ್ಕೆ ಮೊದಲು ತನ್ನ ಕೈಬರಹವನ್ನೊಮ್ಮೆ ನೋಡಿಬಿಡೋಣ ಎನಿಸಿತ್ತು. ನಿಜವಾಗಿಯೂ ತಾನೇ ಎಡವಿದ್ದರೆ? ಅಳತೆಯ ಪಕ್ಕ ಆ ದಿನದ ಗುಣವನ್ನೂ ಬರೆಯುವುದು ಅವಳ ಚಾಳಿ. 'ತಗಡು ಕಾದು ಚಟಪಟ ಅನ್ನುತ್ತಿದೆ.' 'ಬೆವರಿಗೆ ಪೆನ್ಸಿಲ್ ಜಾರುತ್ತಿದೆ.' ಇವನ್ನು ಓದಿ ಮಾವ ಅಂಚಿನಲ್ಲಿ "ಇದು ವಿಮಾನವೋ, ಹವಾಮಾನ ಇಲಾಖೆಯೋ?" ಎಂದು ಗೀಚಿದ್ದರು. ಪುಟ ತಿರುವುತ್ತಾ ಹೋದವಳ ಬೆರಳು ಒಂದು ಕಡೆ ನಿಂತಿತು. 'ದಿನವಿಡೀ ಮೋಡ. ಸ್ವೆಟರ್ ಹಾಕಿಕೊಂಡೇ ಕೆಲಸ.' ಅಂದು ಅವಳ ಅಳತೆ ಎರಡೂವರೆ ಮಿಲಿಮೀಟರ್. ಮರುದಿನವೂ ಮೋಡ, ಎರಡೂವರೆ. ಮೋಡದ ದಿನಗಳಲ್ಲಿ ಮಾವ, ಸೊಸೆ ಇಬ್ಬರ ಅಂಕಿಯೂ ಅಕ್ಕಪಕ್ಕ ಕೂತಿದ್ದವು, ಜಗಳವೇ ಇಲ್ಲದವರ ಹಾಗೆ.

ಗಾಜಿಗೆ ಕಾಲು ಬಂದಿರಲಿಲ್ಲ. ಅದು ಬಿಸಿಲಿಗೆ ಹಿಗ್ಗುತ್ತಿತ್ತು, ಚಳಿಗೆ ಕುಗ್ಗುತ್ತಿತ್ತು. ಕಬ್ಬಿಣದ ಜೊತೆ ಆಯುಸ್ಸು ಕಳೆದ ಮಾವನಿಗೆ ಒಂದು ವಸ್ತು ಅರ್ಧ ದಿನದಲ್ಲಿ ಇಷ್ಟು ಬೆಳೆಯಬಹುದೆಂದು ಹೊಳೆದಿರಲಿಲ್ಲ. ಹೊಳೆಯುವುದು ಹೇಗೆ? ಅವರು ಮಧ್ಯಾಹ್ನ ಶೆಡ್ಡು ಕಂಡಿರಲಿಲ್ಲ, ಅವಳು ಮುಂಜಾನೆ ಕಂಡಿರಲಿಲ್ಲ. ಒಂದೇ ಒಂದು ದಿನ ಇಬ್ಬರೂ ಜೊತೆಗೆ ನಿಂತು ಅಳೆದಿದ್ದರೆ ಸಾಕಿತ್ತು.

ಚಳಿಯಲ್ಲಿ ಎಳೆದು, ಸ್ಕ್ರೂವಿನಷ್ಟೇ ತೂತು ಕೊರೆದು ಬಿಗಿದರೆ, ಬಿಸಿಲೇರಿದಾಗ ಹಿಗ್ಗಲು ಜಾಗವಿರುವುದಿಲ್ಲ. ಯಾವುದಾದರೊಂದು ತೂತಿನಿಂದ ಸೀಳು ಹೊರಡುತ್ತದೆ.

ಬೆಳಿಗ್ಗೆ ಐದೂಮುಕ್ಕಾಲಿಗೆ ಅವಳು ಪುಸ್ತಕ ಹಿಡಿದು ಶೆಡ್ಡಿಗೆ ಓಡಿದಳು. ಕ್ಲಾಂಪ್‌ಗಳು ಆಗಲೇ ಕಚ್ಚಿದ್ದವು. ಮಾವ ಡ್ರಿಲ್ ಎತ್ತಿದ್ದರು. ಅವಳು ಪೆನ್ಸಿಲ್ ಗುರುತಿನ ಮೇಲೆ ಅಂಗೈ ಊರಿದಳು.

"ಕೈ ತೆಗಿ."

"ಬೇಡಿ ಮಾವ. ಎರಡು ಗಂಟೆವರೆಗೆ ತಡೀರಿ. ಇದು ಬಿಸಿಗೆ ಹಿಗ್ಗತ್ತೆ."

"ಕೈ ಸೇರಿಸೇ ಕೊರೀತೀನಿ."

"ಕೊರೀರಿ."

ಮಾವ ಡ್ರಿಲ್ಲಿನ ಗುಂಡಿ ಒತ್ತಿಯೇಬಿಟ್ಟರು. ಕೊರೆಯುವ ಬಿಟ್ ಅವಳ ಉಗುರಿನಿಂದ ಗೇಣುದ್ದ ದೂರದಲ್ಲಿ ಗಿರ್ರೆಂದು ತಿರುಗಿತು. ಕೈ ಅಲ್ಲೇ ಇತ್ತು. ಮಾವ ಗುಂಡಿ ಬಿಟ್ಟರು.

"ಎರಡು ಗಂಟೆಗೆ ಸಂದು ಹಾಗೇ ಇದ್ರೆ?"

"ಪಟ್ಟಿಯಿಂದ ನನ್ನ ಹೆಸರು ನಾನೇ ಹೊಡೆದು ಹಾಕ್ತೀನಿ."

"ಅಳೆಯೋದು ನಾನು. ನೀನು ಆ ಸ್ಟೂಲ್ ಬಿಟ್ಟು ಏಳಕೂಡದು."

ಕ್ಲಾಂಪ್ ಸಡಿಲಿಸಿದರು. ಮೂರು ಮಿಲಿಮೀಟರ್. ಅವಳು ಗ್ರಂಥಾಲಯಕ್ಕೆ ರಜೆ ಹೇಳಿದಳು. ಅತ್ತೆ ತಿಂಡಿ ತಂದು ಇಬ್ಬರ ಮುಖ ನೋಡಿ, "ಇದೇನು, ಇಬ್ಬರೂ ಸೇರಿ ಮೊಟ್ಟೆಗೆ ಕಾವು ಕೊಡ್ತಿದ್ದೀರಾ?" ಎಂದು ತಟ್ಟೆ ಇಟ್ಟು ಹೋದರು. ಗಂಟೆಗೊಮ್ಮೆ ಮಾವ ಎದ್ದು, ಅವಳ ಮೇಲೊಂದು ಕಣ್ಣಿಟ್ಟೇ ಸಂದಿಗೆ ಅಳತೆಯ ಗೇಜು ತೂರಿಸಿ ನೋಡುತ್ತಿದ್ದರು. ಹತ್ತಕ್ಕೆ ಎರಡೂವರೆ. ಗೇಜು ಒರೆಸಿ ಮತ್ತೆ ತೂರಿಸಿದರು, ಎರಡೂವರೆಯೇ. ಹನ್ನೆರಡಕ್ಕೆ ಒಂದೂವರೆ. ಬಗ್ಗಿ ಕೀಲಿನ ಸ್ಕ್ರೂಗಳನ್ನೆಲ್ಲ ತಿರುಗಿಸಿ ನೋಡಿದರು, ಒಂದೂ ಅಲುಗಲಿಲ್ಲ. ಬೆವರು ಹುಬ್ಬಿನಿಂದ ಇಳಿದು ಮೂಗಿನ ತುದಿಯಲ್ಲಿ ನಿಂತಿತ್ತು. ಎರಡು ಗಂಟೆಗೆ ಅರ್ಧ.

ಮಾವ ಡ್ರಿಲ್ಲಿಗೆ ದಪ್ಪ ಬಿಟ್ ಸಿಕ್ಕಿಸಿ ಅವಳತ್ತ ಚಾಚಿದರು. "ತೂತು ಸ್ಕ್ರೂಗಿಂತ ದೊಡ್ಡದಿರಲಿ, ಹಿಗ್ಗೋಕೆ ಜಾಗ ಬೇಕು. ಕೊರಿ. ಸೀಳಿದ್ರೆ ನಿನ್ನ ಕೈಯಲ್ಲೇ ಸೀಳಲಿ."

ಅವಳು ಡ್ರಿಲ್ ತೆಗೆದುಕೊಳ್ಳಲಿಲ್ಲ. "ಮೊದಲು ಪುಸ್ತಕದಲ್ಲಿ ಆ ಮಾತು ಹೊಡೆದು ಹಾಕಿ."

"ದಾಖಲೆ ಪುಸ್ತಕದಲ್ಲಿ ಹೊಡೆಯೋ ಹಾಗಿಲ್ಲ. ಇನ್ಸ್‌ಪೆಕ್ಟರ್ ಕೇಳ್ತಾರೆ."

"ಹಾಗಾದ್ರೆ ಕೆಳಗೆ ಬರೀರಿ."

"ನನಗೆ ಹೇಳಿಕೊಡ್ತೀಯಾ?"

"ಹೌದು."

ಆ ಮನೆಗೆ ಬಂದ ಮೇಲೆ ಅವಳು ಯಾರಿಗೂ ಆ ಧಾಟಿಯಲ್ಲಿ ಹೌದು ಎಂದಿರಲಿಲ್ಲ. ಮಾವನ ದವಡೆ ಎರಡು ಸಲ ಅಲುಗಿತು. ಪುಸ್ತಕ ಎಳೆದುಕೊಂಡರು. "ಮಧ್ಯಾಹ್ನದ ಅಳತೆಗಳು ಸರಿ. ಬೆಳಗಿನವೂ ಸರಿ." ಎರಡನೆಯ ವಾಕ್ಯವನ್ನು ಒತ್ತಿ ಬರೆದ ರಭಸಕ್ಕೆ ಕಾಗದ ಹರಿಯಿತು. ಸಹಿ ಹಾಕಿ ಪೆನ್ನು ಬೆಂಚಿನ ಮೇಲೆ ಎಸೆದರು.

"ತೃಪ್ತಿಯಾಯ್ತಾ?"

"ಇಲ್ಲ," ಎಂದು ಅವಳು ಡ್ರಿಲ್ ಇಸಿದುಕೊಂಡು ಮೊದಲ ಗುರುತಿನ ಮೇಲೆ ಬಿಟ್ ಇಟ್ಟಳು.

"ನೇರ ಹಿಡಿ."

"ಹಿಡಿದಿದ್ದೀನಿ."

"ನಿಧಾನ. ರಿವೆಟ್ ಅಲ್ಲ ಇದು."

"ಬೆಳಕಿಗೆ ಅಡ್ಡ ನಿಂತಿದ್ದೀರಿ ಮಾವ. ಸರೀರಿ."

ಮಾವ ಅರ್ಧ ಹೆಜ್ಜೆ ಸರಿದರು. ಅದಕ್ಕಿಂತ ಹೆಚ್ಚು ಸರಿಯಲಿಲ್ಲ.